ವಾಲಿಯ ಬೂದಿ, ಸಗಣಿಯ ಬೂದಿ

ನಮ್ಮ ಕಡೆ ಇತಿಹಾಸದ ಪಾಠ ಶುರುವಾಗುವುದು ಸಂಜೆ ಏಳರ ಮೇಲೆ. ಬಳ್ಳಾರಿಯಿಂದ ಹೊಸಪೇಟೆ, ಅಲ್ಲಿಂದ ಗಂಗಾವತಿ, ಸಿಂಧನೂರು, ಮಸ್ಕಿ, ಲಿಂಗಸುಗೂರು ಅಂತ ನೀವು ಯಾವ ರಸ್ತೆ ಹಿಡಿದರೂ, ಊರು ಮುಗಿಯುವ ಜಾಗದಲ್ಲಿ ಒಂದು ಬಾರು ಇದ್ದೇ ಇರುತ್ತದೆ. ಹೊರಗೆ ಮಿರ್ಚಿ ಬಂಡಿ, ಒಳಗೆ ಪ್ಲಾಸ್ಟಿಕ್ ಕುರ್ಚಿ, ಮೇಲೆ ಒಂದು ಟಿ.ವಿ. ಮೊದಲ ಅರ್ಧ ಗಂಟೆ ಭತ್ತದ ರೇಟು, ಕಾಲುವೆ ನೀರು, ಎಲೆಕ್ಷನ್ನು. ಎರಡನೇ ಪ್ಯಾಕೆಟ್ ಹರಿದ ಮೇಲೆ ಯಾರಾದರೂ ಒಬ್ಬರು ಕುರ್ಚಿ ಮುಂದಕ್ಕೆ ಎಳೆದುಕೊಂಡು, "ಲೇ, ಆ ಗುಡ್ಡ ಐತಲ್ಲ..." ಅನ್ನುತ್ತಾರೆ. ಅಲ್ಲಿಂದ ಮುಂದೆ ಟಿ.ವಿ. ಕಡೆ ಯಾರೂ ನೋಡುವುದಿಲ್ಲ.

ನಾವು ಐದು ಜನ ಪತ್ರಿಕೋದ್ಯಮ ಓದಿ ಊರಿಗೆ ವಾಪಸ್ ಬಂದವರು. ಕ್ಲಾಸಿನಲ್ಲಿ ನಮಗೆ ಸುದ್ದಿಮೂಲ ಅಂದರೆ ಏನು ಅಂತ ಎರಡು ವರ್ಷ ಹೇಳಿಕೊಟ್ಟರು. ತಹಸೀಲ್ದಾರ್ ಕಚೇರಿ, ಪೊಲೀಸ್ ಠಾಣೆ, ಪಂಚಾಯಿತಿ ನಡಾವಳಿ ಎಲ್ಲ ಬಂತು, ಬಾರಿನ ಹೆಸರು ಬರಲಿಲ್ಲ. ಆದರೆ ನಮ್ಮ ಹಳ್ಳಿಗಳಲ್ಲಿ ಯಾವ ಹೊಲದಲ್ಲಿ ಎಂಥ ಕಲ್ಲು ಸಿಕ್ಕಿತು, ಯಾರು ರಾತ್ರಿ ಗುದ್ದಲಿ ಹಿಡಿದು ಗುಡ್ಡ ಹತ್ತಿದರು, ಯಾವ ಶಾಸನದ ಮೇಲೆ ಯಾರು ಬಟ್ಟೆ ಒಗೆಯುತ್ತಾರೆ ಎಂಬುದೆಲ್ಲ ಮೊದಲು ಗೊತ್ತಾಗುವುದು ಅಲ್ಲೇ. ಹಿಂದೆ ಈ ಮಾತು ಸಾರಾಯಿ ಅಂಗಡಿ ಮುಂದೆ ಕುಕ್ಕರಗಾಲಲ್ಲಿ ಕೂತು ನಡೆಯುತ್ತಿತ್ತಂತೆ. 2007ರ ಜುಲೈನಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿದ ಮೇಲೆ ಅದು ಕುರ್ಚಿಗೆ ಬಂತು. ಮಾತು ಮಾತ್ರ ಅದೇ.

ಕುಡಿತದ ಪರ ಬರೆಯುತ್ತಿದ್ದೇವೆ ಅಂದುಕೊಳ್ಳಬೇಡಿ. ನಮ್ಮ ಐವರಲ್ಲಿ ಕುಡಿಯುವವನು ಒಬ್ಬನೇ, ಇನ್ನಿಬ್ಬರು ಶೇಂಗಾ ತಿನ್ನುತ್ತಾ ಕೂರುವವರು. ಉಳಿದಿಬ್ಬರು ಹೆಣ್ಣುಮಕ್ಕಳು. ಅವರು ಆ ಬಾಗಿಲ ಒಳಗೆ ಕಾಲಿಡುವ ಹಾಗಿಲ್ಲ. ಅವರಿಗೆ ನಾವು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಹೋಗಿ ಕೇಳಿಸುತ್ತೇವೆ, ಮಾತಾಡಿದವರಿಗೆ ಹೇಳಿಯೇ. ಈ ಕಥೆಯಲ್ಲಿ ಆ ರೆಕಾರ್ಡಿಂಗಿಗೂ ಒಂದು ಪಾತ್ರವಿದೆ.

ಬಾರಿನ ಇತಿಹಾಸವನ್ನು ನಾವು ಯಾಕೆ ಲಘುವಾಗಿ ತೆಗೆದುಕೊಳ್ಳುವುದಿಲ್ಲ ಅಂತ ಮೊದಲು ಹೇಳಬೇಕು. ಮಸ್ಕಿ ಕಡೆ ಒಂದು ಮಾತಿದೆ: "ಬಂಗಾರ ಹುಡುಕಾಕ ಬಂದ ಸಾಹೇಬಗ ಬಂಗಾರ ಸಿಗಲಿಲ್ಲ, ರಾಜ ಸಿಕ್ಕ." ಕೇಳಿದಾಗ ಇದು ಎರಡನೇ ಪ್ಯಾಕೆಟ್ಟಿನ ಮಾತು ಅನ್ನಿಸುತ್ತದೆ. ಆದರೆ ಇದು ಹೆಚ್ಚುಕಮ್ಮಿ ಹೀಗೇ ನಡೆದದ್ದು. 1915ರಲ್ಲಿ ಆ ಸೀಮೆ ನಿಜಾಮರದ್ದು. ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನದ ಅದಿರು ಹುಡುಕುತ್ತಾ ಮಸ್ಕಿಯ ಗುಡ್ಡ ಸುತ್ತುತ್ತಿದ್ದಾಗ ಬಂಡೆಯ ಮೇಲೆ ಅಕ್ಷರ ಕಂಡಿತು. ಓದಿದಾಗ ಅದರಲ್ಲಿ "ಅಶೋಕ" ಎಂಬ ಹೆಸರಿತ್ತು. ಅಲ್ಲಿಯವರೆಗೆ ದೇಶದ ತುಂಬ ಸಿಕ್ಕಿದ್ದ ಶಾಸನಗಳಲ್ಲಿ "ದೇವಾನಾಂಪಿಯ", "ಪಿಯದಸಿ" ಅಂತ ಬಿರುದುಗಳಷ್ಟೇ ಇದ್ದವು. ಆ ರಾಜ ಅಶೋಕನೇ ಅಂತ ವಿದ್ವಾಂಸರು ಶ್ರೀಲಂಕಾದ ಹಳೆಯ ಗ್ರಂಥಗಳ ಆಧಾರದ ಮೇಲೆ ಹೇಳುತ್ತಿದ್ದರು. ಕಲ್ಲೇ ಬಾಯಿಬಿಟ್ಟು ಹೆಸರು ಹೇಳಿದ್ದು ಮೊದಲು ಮಸ್ಕಿಯಲ್ಲಿ. ಆಮೇಲೆ ನಮ್ಮ ಬಳ್ಳಾರಿ ಕಡೆಯ ನಿಟ್ಟೂರು, ಉದೇಗೊಳದಲ್ಲೂ, ಮಧ್ಯಪ್ರದೇಶದ ಗುಜರ್ರಾದಲ್ಲೂ ಆ ಹೆಸರು ಸಿಕ್ಕಿತು.

ಹಾಗಾಗಿ "ಕುಡುಕರ ಮಾತು" ಅಂತ ತಳ್ಳಿಹಾಕುವವರ ಜೊತೆ ನಾವಿಲ್ಲ. ಆದರೆ ಎಲ್ಲ ಮಾತೂ ಮಸ್ಕಿಯಷ್ಟು ನೆಟ್ಟಗಿರುವುದಿಲ್ಲ. ಈಗ ಬೂದಿಗುಡ್ಡಕ್ಕೆ ಬರೋಣ.

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಕುಡತಿನಿ ಸಿಗುತ್ತದೆ. ಅಲ್ಲಿ ಬೂದಿಯ ದೊಡ್ಡ ದಿಬ್ಬವೊಂದಿದೆ. ಆ ಜಾಗವನ್ನು ಬೂದಿಕನಮ ಅನ್ನುತ್ತಾರೆ, ಬೂದಿಯ ಕಣಿವೆ ಅಂತ ಅರ್ಥ. ಬಳ್ಳಾರಿ ಪಕ್ಕದ ಕಪ್ಪಗಲ್ಲಿನಲ್ಲಿ ಇನ್ನೊಂದು, ಹಂಪಿ ಹತ್ತಿರ ನಿಂಬಾಪುರದಲ್ಲಿ ಮತ್ತೊಂದು. ಬಳ್ಳಾರಿ, ರಾಯಚೂರು, ಕೊಪ್ಪಳ, ಶೋರಾಪುರ ಸೀಮೆ, ಅತ್ತ ಆಂಧ್ರದ ಕರ್ನೂಲು, ಅನಂತಪುರ ಎಲ್ಲ ಸೇರಿಸಿದರೆ ಇಂಥವು ನೂರಕ್ಕೂ ಹೆಚ್ಚು. ಕೆಲವು ಊರುಗಳ ಹೆಸರಲ್ಲೇ ಬೂದಿ ಇದೆ. ಇವು ಮಣ್ಣಿನ ಗುಡ್ಡಗಳಲ್ಲ. ಅಗೆದರೆ ಪದರ ಪದರ ಬೂದಿ, ನಡುನಡುವೆ ಇಟ್ಟಿಗೆ ಭಟ್ಟಿಯಲ್ಲಿ ಕರಗಿ ಗಟ್ಟಿಯಾದ ಕಿಟ್ಟದಂಥ ಗಾಜುಗಾಜಾದ ಹೆಂಟೆ.

ನಿಂಬಾಪುರದ್ದು ವಾಲಿಯನ್ನು ಸುಟ್ಟ ಬೂದಿ. ಇದು ಆ ಕಡೆ ಮಕ್ಕಳಿಗೂ ಗೊತ್ತು. ರಾಮ ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು, ತಾರೆ ಅತ್ತದ್ದು, ಸುಗ್ರೀವ ಕೊಳ್ಳಿ ಇಟ್ಟದ್ದು ಎಲ್ಲ ಅಲ್ಲೇ, ತುಂಗಭದ್ರೆಯ ದಂಡೆಯಲ್ಲಿ. ಕಪ್ಪಗಲ್ಲಿನ ಬೂದಿ ರಾಕ್ಷಸರದ್ದು, ಭೀಮ ಕೊಂದ ಹಿಡಿಂಬನದ್ದು. ಸುಮಾರು 180 ವರ್ಷದ ಹಿಂದೆ ಮದ್ರಾಸ್ ಸೈನ್ಯದ ಕ್ಯಾಪ್ಟನ್ ನ್ಯೂಬೋಲ್ಡ್ ಈ ದಿಬ್ಬಗಳ ಬಗ್ಗೆ ಬರೆದಾಗಲೂ ಊರವರು ಅವನಿಗೆ ರಾಕ್ಷಸರ ಕಥೆಯನ್ನೇ ಹೇಳಿದ್ದರು. ಅಂದರೆ ಬಾರು ಹುಟ್ಟುವ ಮೊದಲೇ ಬಾರಿನ ಮಾತು ಇತ್ತು.

ನಮ್ಮ ಊರಿನ ಹತ್ತಿರವೂ ಒಂದು ಬೂದಿದಿಬ್ಬ ಇದೆ. ಊರಿನ ಹೆಸರು ಬೇಡ. ಯಾಕೆ ಬೇಡ ಅಂತ ಮುಂದೆ ಗೊತ್ತಾಗುತ್ತದೆ. ಆ ದಿಬ್ಬದ ಬಗ್ಗೆ ಒಂದು ಸಂಜೆ ನಡೆದ ಚರ್ಚೆ ನಮ್ಮ ಮೊಬೈಲಿನಲ್ಲಿದೆ. ಒಬ್ಬ ಹಮಾಲರು, ವಯಸ್ಸು ಅರವತ್ತರ ಮೇಲೆ, ಎಲ್ಲರೂ ಅವರನ್ನು ಕಾಕಾ ಅನ್ನುತ್ತಾರೆ. ಎದುರಿಗೆ ಟ್ರ್ಯಾಕ್ಟರ್ ಓಡಿಸುವ ಹುಡುಗ. ಹುಡುಗ ಕೆಣಕಿದ: "ಕಾಕಾ, ವಾಲಿಗೀಲಿ ಎಲ್ಲಾ ಸುಳ್ಳು ಬಿಡು."

ಕಾಕಾ ಸಿಟ್ಟಾಗಲಿಲ್ಲ. ಲೆಕ್ಕ ಹಾಕಿದರು. "ಲೇ ತಮ್ಮಾ, ಸುಡುಗಾಡಿಗೆ ಹೋಗಿ ನೋಡೀಯಿಲ್ಲ? ಒಬ್ಬ ಮನುಷ್ಯಾನ ಸುಟ್ರ ಎಷ್ಟ್ ಬೂದಿ ಬರ್ತೈತಿ? ಎರಡು ಬುಟ್ಟಿ. ಇದು ಎರಡಾಳು ಎತ್ತರ ಐತಿ, ಅರ್ಧ ಎಕರೆ ಹಬ್ಬೈತಿ. ಅಂದಮ್ಯಾಲ ಸತ್ತಾವ ಎಂಥಾವ ಇರಬೇಕು ನೀನ ಹೇಳು."

ನಮಗೆ ಈ ತರ್ಕ ಬಹಳ ಇಷ್ಟವಾಯಿತು. ತಪ್ಪು ತರ್ಕ ಇರಬಹುದು, ಆದರೆ ಕಣ್ಣಿಗೆ ಕಂಡದ್ದನ್ನು ಅಳೆದು, ತಾನು ನೋಡಿದ್ದರ ಜೊತೆ ಹೋಲಿಸಿ, ಆಮೇಲೆ ಹೇಳಿದ್ದು. ದೊಡ್ಡ ದೊಡ್ಡ ಸಾಹೇಬರು ಮಾಡಿದ್ದೂ ಇದನ್ನೇ. ಕಿಟ್ಟ ನೋಡಿ ಕೆಲವರು ಇದು ಜ್ವಾಲಾಮುಖಿ ಅಂದರು. ಕೆಲವರು ಕಬ್ಬಿಣ ಕರಗಿಸಿದ ಜಾಗ ಅಂದರು. ವಿಜಯನಗರದ ಚರಿತ್ರೆ ಬರೆದು ಹೆಸರಾದ ರಾಬರ್ಟ್ ಸೀವೆಲ್ ಇದ್ದಾರಲ್ಲ, ಅವರು 1899ರಲ್ಲಿ ಇದು ವಿಜಯನಗರ ಕಾಲದಲ್ಲಿ ಮನುಷ್ಯರನ್ನು ಸಾಮೂಹಿಕವಾಗಿ ಸುಟ್ಟ ಜಾಗ ಇರಬಹುದು ಅಂತ ಬರೆದರು. ಕಾಕಾ ಮತ್ತು ಸೀವೆಲ್ ಸಾಹೇಬರನ್ನು ಒಂದೇ ಟೇಬಲ್ಲಿಗೆ ಕೂರಿಸಿದ್ದರೆ ಇಬ್ಬರಿಗೂ ಚೆನ್ನಾಗಿ ಹೊಂದುತ್ತಿತ್ತು.

ಸರಿಯಾದ ಉತ್ತರ ಬಂದದ್ದು ಸೀವೆಲ್‌ಗಿಂತ ಮೊದಲೇ. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ನಮ್ಮ ಭಾಗದ ಬಂಡೆ ಬಂಡೆ ತಿರುಗಿದವರು. 1863ರಲ್ಲಿ ಮದ್ರಾಸಿನ ಹತ್ತಿರ ಪಲ್ಲಾವರಂನಲ್ಲಿ ಕಲ್ಲಿನ ಆಯುಧ ಎತ್ತಿಕೊಂಡು, ನಮ್ಮ ದೇಶದಲ್ಲೂ ಶಿಲಾಯುಗ ಇತ್ತು ಅಂತ ತೋರಿಸಿದವರು ಅವರೇ. ಅವರು ಹೇಳಿದ್ದು ಇಷ್ಟು: ಇದು ದನದ ಸಗಣಿ ಸುಟ್ಟ ಬೂದಿ. ಜನ ಬಹಳ ದಿನ ನಂಬಲಿಲ್ಲ. 1960ರಲ್ಲಿ ಜ್ಯೂನರ್ ಎಂಬ ವಿಜ್ಞಾನಿ ಕುಡತಿನಿಯ ಬೂದಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ಹುಲ್ಲಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಮರಳಿನಂಥ ಕಣ ಇರುತ್ತವೆ, ಸುಟ್ಟರೂ ಅವು ಹೋಗುವುದಿಲ್ಲ. ಬೂದಿಯ ತುಂಬ ಅವೇ ಇದ್ದವು. ಹುಲ್ಲು ದನದ ಹೊಟ್ಟೆ ಸೇರಿ, ಸಗಣಿಯಾಗಿ, ಸುಟ್ಟು ಬೂದಿಯಾಗಿತ್ತು.

ಇನ್ನೂ ಗಟ್ಟಿ ಸಾಕ್ಷಿ ಸಿಕ್ಕಿದ್ದು ರಾಯಚೂರಿನಿಂದ ಕೃಷ್ಣೆ ದಾಟಿದರೆ ಸಿಗುವ, ಆಗಿನ ಮಹಬೂಬ್‌ನಗರ ಜಿಲ್ಲೆಯ ಉತ್ನೂರಿನಲ್ಲಿ. ಅಲ್ಲಿ 1957ರಲ್ಲಿ ಆಲ್ಚಿನ್ ಎಂಬುವರು ದಿಬ್ಬವನ್ನು ಎಚ್ಚರದಿಂದ ಪದರ ಪದರ ಬಿಡಿಸಿದರು. ಸುತ್ತ ಮರದ ಗೂಟ ನೆಟ್ಟ ದೊಡ್ಡ ದೊಡ್ಡಿಯ ಗುರುತು ಸಿಕ್ಕಿತು. ಅದಕ್ಕಿಂತ ಹೆಚ್ಚಾಗಿ, ಬೂದಿಯ ಪದರದ ಮೇಲೆ ದನಗಳ ಗೊರಸಿನ ಅಚ್ಚು ಹಾಗೇ ಉಳಿದಿತ್ತು. ಸುಮಾರು 4000 ವರ್ಷದ ಹಿಂದೆ ಒಂದು ಸಂಜೆ ಯಾರದೋ ಎತ್ತು, ಯಾರದೋ ಆಕಳು ಆ ಬೂದಿ ತುಳಿದು ದೊಡ್ಡಿ ಸೇರಿದೆ, ಆ ಹೆಜ್ಜೆ ಅಳಿಸಿಲ್ಲ. ಇದನ್ನು ಓದಿದ ದಿನ ನಮ್ಮಲ್ಲಿ ಯಾರೂ ಬಹಳ ಹೊತ್ತು ಮಾತಾಡಲಿಲ್ಲ.

ಆಮೇಲೆ 1990ರ ದಶಕದಲ್ಲಿ ಪ್ರೊಫೆಸರ್ ಕೆ. ಪದ್ದಯ್ಯ ಶೋರಾಪುರ ಸೀಮೆಯ ಬೂದಿಹಾಳದಲ್ಲಿ ಅಗೆದರು. ಅಲ್ಲಿ ದೊಡ್ಡಿ ಮಾತ್ರವಲ್ಲ, ಪಕ್ಕದಲ್ಲೇ ಮನುಷ್ಯರು ಬದುಕಿದ ಜಾಗ, ಕಲ್ಲಿನ ಉಪಕರಣ ಮಾಡುತ್ತಿದ್ದ ಜಾಗ, ದನ ಕೊಯ್ದು ಮಾಂಸ ಹಂಚಿಕೊಂಡ ಜಾಗ, ಮಕ್ಕಳನ್ನು ಮಡಕೆಯಲ್ಲಿಟ್ಟು ಹೂತ ಗುಣಿಗಳು ಸಿಕ್ಕವು. ಆ ಕಾಲದ ಜನ ಬೆಳೆಯುತ್ತಿದ್ದದ್ದು ಏನು ಗೊತ್ತೇ? ಹುರುಳಿ, ಹೆಸರು, ಕೊರಲೆ. ಬಳ್ಳಾರಿ ಪಕ್ಕದ ಸಂಗನಕಲ್ಲಿನಂಥ ಕಡೆ ಸುಟ್ಟು ಕರಕಲಾದ ಕಾಳು ಸಿಕ್ಕಿವೆ. ನೀವು ಬಾರಿನಲ್ಲಿ ಪ್ಲೇಟಿಗೆ ಹಾಕಿಸಿಕೊಂಡು ತಿನ್ನುವ ಹುರುಳಿ ಗುಗ್ಗರಿ ಇದೆಯಲ್ಲ, ಅದರ ವಯಸ್ಸು ಅಷ್ಟು.

ಸಗಣಿಯನ್ನು ಯಾಕೆ ಸುಟ್ಟರು? ಗೊಬ್ಬರ ಮಾಡಬಹುದಿತ್ತಲ್ಲ? ರೋಗ ಬಂದಾಗ ದೊಡ್ಡಿ ಸ್ವಚ್ಛ ಮಾಡಲು ಸುಟ್ಟಿರಬಹುದು. ಆಲ್ಚಿನ್ ಅವರಿಗೆ ಇದು ಹಬ್ಬ ಇರಬೇಕು ಅನ್ನಿಸಿತ್ತು. ಮೈಸೂರು, ಮಂಡ್ಯ ಕಡೆ ಸಂಕ್ರಾಂತಿಗೆ ದನಗಳನ್ನು ಕಿಚ್ಚು ಹಾಯಿಸುತ್ತಾರಲ್ಲ, ಅಂಥದ್ದರ ಬಹಳ ಹಳೆಯ ರೂಪ. ವರ್ಷಕ್ಕೊಮ್ಮೆಯೋ, ಕೆಲವು ವರ್ಷಕ್ಕೊಮ್ಮೆಯೋ ದೊಡ್ಡಿಯ ಸಗಣಿ ಗುಡ್ಡೆ ಹಾಕಿ ಬೆಂಕಿ ಇಡುವುದು, ಸುತ್ತಲಿನ ಜನ ಸೇರುವುದು. ಬೆಂಕಿ ಎಷ್ಟು ಕಾವಿನದು ಅಂದರೆ ಬೂದಿ ಕರಗಿ ಗಾಜಾಗುವಷ್ಟು. ರಾತ್ರಿ ಹತ್ತು ಹಳ್ಳಿಗೆ ಕಾಣುವಂತೆ ಉರಿದಿರಬೇಕು. ನಮಗೆ ಈ ಹಬ್ಬದ ಮಾತೇ ಹೆಚ್ಚು ಹಿಡಿಸುತ್ತದೆ.

ಈಗ ರೆಕಾರ್ಡಿಂಗ್ ವಿಷಯ. ಕಾಕಾನ ಮಾತನ್ನು ನಮ್ಮ ಗುಂಪಿನ ಒಬ್ಬಾಕೆ ಮನೆಯಲ್ಲಿ ಕೇಳಿಸಿಕೊಳ್ಳುತ್ತಿದ್ದಾಗ ಅವಳ ಅಜ್ಜಿ ಒಲೆ ಮುಂದೆ ಕೂತಿದ್ದರಂತೆ. ಅಜ್ಜಿ ಹಿಂದೆ ಆ ದಿಬ್ಬದ ಬೂದಿ ತಂದು ಪಾತ್ರೆ ತಿಕ್ಕಿದವರು. ಎಲ್ಲ ಕೇಳಿ ಅಂದರಂತೆ, "ಕಟ್ಟಿಗಿ ಬೂದಿ ಬ್ಯಾರೆ, ಕುಳ್ಳಿನ ಬೂದಿ ಬ್ಯಾರೆ. ಅದು ಕುಳ್ಳಿನ ಬೂದಿನ. ಮುಟ್ಟಿದ್ರ ಗೊತ್ತಾಕ್ಕೈತಿ. ಗಂಡಸ್ರಿಗೆ ಏನ್ ತಿಳೀತೈತಿ?"

ಫೂಟ್ ಸಾಹೇಬರ ತಲೆಗೆ ಹೊಳೆದದ್ದು, ಜ್ಯೂನರ್ ಸೂಕ್ಷ್ಮದರ್ಶಕದಲ್ಲಿ ನೋಡಿದ್ದು, ಅಜ್ಜಿಗೆ ಬೆರಳ ತುದಿಯಲ್ಲಿ ಗೊತ್ತಿತ್ತು. ಬಾರಿನ ಚರ್ಚೆಗೆ ಹೆಂಗಸರನ್ನು ಕರೆಯದೆ ನಮ್ಮ ಸೀಮೆ ಎಷ್ಟು ಇತಿಹಾಸ ಕಳೆದುಕೊಂಡಿದೆಯೋ. ಇರಲಿ.

ಕತೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಮುಂದಿನ ವಾರ ನಾವು ಇಷ್ಟನ್ನೂ ಬಾರಿನಲ್ಲಿ ಹೇಳಿದೆವು. ಗೊರಸಿನ ಅಚ್ಚಿನ ಫೋಟೋ ಮೊಬೈಲಿನಲ್ಲಿ ತೋರಿಸಿದೆವು. ಸಪ್ಲೈಯರ್ ಹುಡುಗ ಕೂಡ ಟ್ರೇ ಹಿಡಿದುಕೊಂಡೇ ನಿಂತು ಕೇಳಿದ. ಎಲ್ಲರಿಗೂ ಖುಷಿಯಾಯಿತು, ಕಾಕಾನೊಬ್ಬರನ್ನು ಬಿಟ್ಟು. ಅವರು ಗ್ಲಾಸು ಕೆಳಗಿಟ್ಟರು.

"ಖರೇನ ಇರಬಹುದು," ಅಂದರು. "ಆದ್ರ ನೀವು ಇದನ್ನ ಊರಾಗ ಹೇಳ್ಬ್ಯಾಡ್ರಿ."

ಯಾಕೆ ಅಂದೆವು.

"ವಾಲಿ ಬೂದಿ ಅಂದ್ರ ಜನ ಕೈ ಮುಗೀತಾರ. ಸಗಣಿ ಬೂದಿ ಅಂದ್ರ ಟ್ರ್ಯಾಕ್ಟರ್ ತರ್ತಾರ."

ಟ್ರ್ಯಾಕ್ಟರ್ ಹುಡುಗ ನಕ್ಕ, ಆದರೆ ಇಲ್ಲ ಅನ್ನಲಿಲ್ಲ. ಎರಡು ವರ್ಷದ ಹಿಂದೆ ಪಕ್ಕದ ಹಳ್ಳಿಯ ಸಣ್ಣದೊಂದು ಬೂದಿದಿಬ್ಬದಿಂದ ರಾತ್ರಿ ಟ್ರೇಲರ್ ಹೊಡೆದದ್ದು ಆ ಟೇಬಲ್ಲಿನಲ್ಲಿ ಎಲ್ಲರಿಗೂ ಗೊತ್ತು. ಸ್ವಲ್ಪ ಹೊಲಕ್ಕೆ, ಸ್ವಲ್ಪ ಒಬ್ಬ ಗುತ್ತಿಗೆದಾರರ ರಸ್ತೆಯ ತಳಕ್ಕೆ. ಈಗ ಅಲ್ಲಿ ಜಾಗ ಮಟ್ಟಸವಾಗಿದೆ. ಅದಕ್ಕೆ ರಾಕ್ಷಸನ ಕಥೆ ಇರಲಿಲ್ಲ, ಬರೀ "ಬೂದಿ ತೆಗ್ಗು" ಅನ್ನುತ್ತಿದ್ದರು. ಕಥೆ ಇಲ್ಲದ ದಿಬ್ಬ ಹೋಯಿತು. ಕಥೆ ಇದ್ದ ದಿಬ್ಬ ಉಳಿದಿದೆ.

ಅವತ್ತು ರಾತ್ರಿ ನಮ್ಮ ಐವರ ವಾಟ್ಸಾಪ್ ಗುಂಪಿನಲ್ಲಿ ಎರಡು ಗಂಟೆಯವರೆಗೆ ಜಗಳ. ಒಬ್ಬ ಅಂದ, ನಾವು ಪತ್ರಕರ್ತರು, ಗೊತ್ತಿದ್ದ ಸತ್ಯ ಮುಚ್ಚಿಟ್ಟು ಪುರಾಣ ಹರಡುವುದು ನಮ್ಮ ಕೆಲಸವಲ್ಲ. ಇನ್ನೊಬ್ಬಳು ಅಂದಳು, ಸತ್ಯ ಬರೆದ ಮೇಲೆ ದಿಬ್ಬವೇ ಇಲ್ಲವಾದರೆ ಆ ಸತ್ಯಕ್ಕೆ ಸಾಕ್ಷಿ ಎಲ್ಲಿ? ಕಾನೂನು ಇದೆಯಲ್ಲ ಅಂತ ಮೂರನೆಯವ. ಹೌದು, ಇದೆ. 1958ರ ಕೇಂದ್ರ ಕಾಯ್ದೆ ಇದೆ, 1961ರ ನಮ್ಮ ರಾಜ್ಯದ ಕಾಯ್ದೆ ಇದೆ. ಕೇಂದ್ರದ ಸಂರಕ್ಷಿತ ಸ್ಮಾರಕವಾದರೆ ಸುತ್ತ 100 ಮೀಟರ್ ಯಾವ ಕಟ್ಟಡವನ್ನೂ ಕಟ್ಟುವ ಹಾಗಿಲ್ಲ, ಅದರಾಚೆ ಇನ್ನೂ 200 ಮೀಟರ್ ಅನುಮತಿ ಬೇಕು. ಆದರೆ ಅದೆಲ್ಲ ಪಟ್ಟಿಗೆ ಸೇರಿದ ಸ್ಮಾರಕಕ್ಕೆ. ನಮ್ಮ ದಿಬ್ಬ ಯಾವ ಪಟ್ಟಿಯಲ್ಲೂ ಇಲ್ಲ. ಕಪ್ಪಗಲ್ಲು, ಸಂಗನಕಲ್ಲಿನ ಗುಡ್ಡಗಳು ದೇಶ ವಿದೇಶದ ಪುಸ್ತಕಗಳಲ್ಲಿವೆ. ಬಡಿದರೆ ಗಂಟೆಯಂತೆ ನಾದ ಬರುವ ಕರಿಕಲ್ಲು, ಅದರ ಮೇಲೆ ಆದಿಕಾಲದವರು ಕುಟ್ಟಿ ಮೂಡಿಸಿದ ಗೂಳಿಗಳು ಅಲ್ಲಿವೆ. ಅಲ್ಲಿಗೂ ಕಲ್ಲು ಕ್ವಾರಿ ಬಂತು. ಅಷ್ಟು ಹೆಸರಿದ್ದದ್ದಕ್ಕೇ ಹಾಗಾದರೆ ನಮ್ಮದರ ಪಾಡು ಏನು?

ಹಾಗಂತ ಪುರಾಣ ಯಾವಾಗಲೂ ಕಾವಲು ಕಾಯುತ್ತದೆ ಅಂತಲೂ ಹೇಳಲಾಗದು. ಗಂಗಾವತಿ ಹತ್ತಿರದ ಹಿರೇಬೆಣಕಲ್ ನೋಡಿ. ಗುಡ್ಡದ ಮೇಲೆ ನಡೆದೇ ಹತ್ತಬೇಕು. ಹತ್ತಿದ ಮೇಲೆ ಊರಿಗೆ ಊರೇ ಕಂಡಂತೆ ನೂರಾರು ಕಲ್ಲಿನ ಮನೆಗಳು. ನಾಲ್ಕು ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ್ದು, ಕೆಲವಕ್ಕೆ ಮುಂದೆ ಒಬ್ಬ ಮಗು ನುಸುಳುವಷ್ಟು ದುಂಡನೆಯ ಕಿಂಡಿ. ಜನ ಅದನ್ನು ಮೋರೇರ ಗುಡ್ಡ ಅನ್ನುತ್ತಾರೆ. ಮೋರೇರು ಅಂದರೆ ಮೂರಡಿಯ ಜನ, ಪ್ರಳಯಕ್ಕೆ ಹೆದರಿ ಈ ಮನೆ ಕಟ್ಟಿಕೊಂಡು ಒಳಗೇ ಸತ್ತರು ಅಂತ ಕಥೆ. ಗುಡ್ಡದಲ್ಲಿ ನಗಾರಿಯಂಥ ಒಂದು ಅರೆದುಂಡು ಬಂಡೆ ಎತ್ತರದಲ್ಲಿ ಕೂತಿದೆ. ಮರದ ಕೊಡತಿಯಲ್ಲಿ ಬಡಿದರೆ ಒಂದು ಕಿಲೋಮೀಟರ್ ಆಚೆಗೂ ಕೇಳುತ್ತದೆ.

ಮೀಡೋಸ್ ಟೇಲರ್ 1835ರಲ್ಲೇ ಈ ಜಾಗದ ಬಗ್ಗೆ ಗುರುತು ಹಾಕಿಕೊಂಡಿದ್ದರು. ಇವು ಕಬ್ಬಿಣ ಯುಗದವರು ಸತ್ತವರಿಗಾಗಿ ಎಬ್ಬಿಸಿದ ಕಲ್ಲುಗಳು, ಎರಡು ಸಾವಿರ ವರ್ಷಕ್ಕೂ ಹಳೆಯವು. ಬಾರಿನವರು "ಮನೆ" ಅಂದದ್ದು ಪೂರ್ತಿ ತಪ್ಪಲ್ಲ, ಸತ್ತವರ ಮನೆ. 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೂ ಹಿರೇಬೆಣಕಲ್ ಸೇರಿತು.

ಆದರೆ ಮೋರೇರ ಕಥೆಗೆ ಒಂದು ಬಾಲವಿದೆ: ಮೂರಡಿಯವರು ಬಂಗಾರ ಬಚ್ಚಿಟ್ಟಿದ್ದಾರೆ. ಈ ಬಾಲ ಎಲ್ಲ ಕಥೆಗೂ ಅಂಟಿಕೊಳ್ಳುತ್ತದೆ. ಯಾವ ಬಾರಿಗೆ ಹೋದರೂ ರಾತ್ರಿ ಒಂಬತ್ತರ ಮೇಲೆ ನಿಧಿ ಮಾತು ಬಂದೇ ಬರುತ್ತದೆ. ಅಮಾವಾಸ್ಯೆ, ನಿಂಬೆಹಣ್ಣು, ಹಾವು, ಆಂಧ್ರದಿಂದ ಬಂದ ಮಂತ್ರವಾದಿ. ಕೇಳುವುದಕ್ಕೆ ಮಜಾ ಇರುತ್ತದೆ. ಆದರೆ ನಿಧಿ ಆಸೆಗೆ ಹೀಗೆ ಚಪ್ಪಡಿ ಉರುಳಿಸಿದ್ದು, ದೇವಸ್ಥಾನದ ಗರ್ಭಗುಡಿ ಅಗೆದದ್ದು ನಮ್ಮ ಭಾಗದಲ್ಲಿ ಒಂದೆರಡಲ್ಲ. ಕಲ್ಲಿನ ಗೋರಿಯಲ್ಲಿ ಸಿಗುವುದು ಸಾಮಾನ್ಯವಾಗಿ ಮಡಕೆ ಚೂರು, ಮೂಳೆ, ಕಬ್ಬಿಣದ ತುಕ್ಕು. ಅಕಸ್ಮಾತ್ ನಿಧಿ ಸಿಕ್ಕರೂ 1962ರ ಕರ್ನಾಟಕ ನಿಧಿ ಕಾಯ್ದೆ ಪ್ರಕಾರ ಸರ್ಕಾರಕ್ಕೆ ತಿಳಿಸಬೇಕು, ಮುಚ್ಚಿಟ್ಟರೆ ಕೇಸು. ಇದನ್ನು ನಾವು ಬಾರಿನಲ್ಲಿ ಹೇಳುತ್ತಲೇ ಇರುತ್ತೇವೆ. ಹೇಳಿದಾಗ ಒಂದು ನಿಮಿಷ ಮೌನ, ಆಮೇಲೆ ಮತ್ತೆ ಮಂತ್ರವಾದಿ.

ಒಂದು ಕಥೆ ದಿಬ್ಬ ಉಳಿಸುತ್ತದೆ, ಇನ್ನೊಂದು ಗೋರಿ ಒಡೆಸುತ್ತದೆ. ಎರಡೂ ಅದೇ ಟೇಬಲ್ಲಿನಲ್ಲಿ, ಅದೇ ಬಾಯಿಂದ ಬರುತ್ತವೆ. ಯಾವುದನ್ನು ಬರೆಯಬೇಕು?

ಜಗಳದ ಮರುದಿನ ನಾವು ಒಂದು ತೀರ್ಮಾನಕ್ಕೆ ಬಂದೆವು. ಸಗಣಿ ಬೂದಿ ಅಂತಲೇ ಬರೆಯುವುದು, ಊರ ಹೆಸರು ಬಿಡುವುದು, ಕಾಕಾನ ವಾಲಿಯನ್ನೂ ಪಕ್ಕದಲ್ಲೇ ಬರೆಯುವುದು. ವಾಲಿಯ ಕಥೆಯನ್ನು ಅಣಕಿಸುವುದು ನಮಗೆ ಬೇಕಿಲ್ಲ. 4000 ವರ್ಷ ಯಾರೂ ಓದಿ ಹೇಳದಿದ್ದರೂ ನಮ್ಮ ಜನ ಒಂದು ವಿಷಯ ಮರೆಯಲಿಲ್ಲ: ಇಲ್ಲಿ ದೊಡ್ಡ ಬೆಂಕಿ ಉರಿದಿತ್ತು, ಅದು ಸಾಮಾನ್ಯ ಬೆಂಕಿ ಅಲ್ಲ. ಹೆಸರು ಬದಲಾಯಿತು ಅಷ್ಟೇ. ಅದನ್ನು ಉಳಿಸಿಕೊಂಡವರು ಕಾಕಾನಂಥವರು, ಕಾಕಾನ ಮುತ್ಯಾನಂಥವರು.

ಸಗಣಿ ಅಂದ ಕೂಡಲೇ ಮೂಗು ಮುರಿಯುವವರಿಗೆ ಒಂದು ಮಾತು. ವಾಲಿ ದೊಡ್ಡವನು, ಸರಿ. ಅಶೋಕನೂ ದೊಡ್ಡವನು. ಆದರೆ ಈ ದಿಬ್ಬ ಕಟ್ಟಿದವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಬೆಳಿಗ್ಗೆ ಎದ್ದು ದೊಡ್ಡಿ ಗುಡಿಸಿದವರು, ಸಗಣಿ ಹೊತ್ತವರು, ಹುರುಳಿ ಬಿತ್ತಿದವರು, ಸತ್ತ ಮಗುವನ್ನು ಮಡಕೆಯಲ್ಲಿಟ್ಟು ಮಣ್ಣು ಮುಚ್ಚಿದವರು. ಅವರು ಬಿಟ್ಟುಹೋದ ದೊಡ್ಡ ಗುರುತು ಈ ಬೂದಿ. ಈಗ ನಮ್ಮ ಊರಲ್ಲಿ ಜೋಡೆತ್ತು ಇರುವ ಮನೆಗಳನ್ನು ಬೆರಳಲ್ಲಿ ಎಣಿಸಬಹುದು. ಕುಳ್ಳು ತಟ್ಟಲು ಸಗಣಿ ಇಲ್ಲ ಅಂತ ಅದೇ ಅಜ್ಜಿ ಬೈದುಕೊಳ್ಳುತ್ತಾರೆ.

ಮುಂದೆ ಬಾರಿನಲ್ಲಿ ಮಾತು ಬೇರೆ ಕಡೆ ಹೋಯಿತು, ಟ್ರ್ಯಾಕ್ಟರ್ ಹುಡುಗ ಮಾತ್ರ ಎರಡು ಮೂರು ಸಲ ಅದೇ ಪ್ರಶ್ನೆ ಎತ್ತಿದ. "ಅಣ್ಣಾ, ಆ ಗೊರಸಿನ ಅಚ್ಚು ನಮ್ಮ ದಿಬ್ಬದಾಗೂ ಇರಬಹುದಾ?" ಇರಬಹುದು, ಅಗೆಯುವವರು ಅಗೆದರೆ ಗೊತ್ತಾಗುತ್ತದೆ, ಬಕೆಟ್ ಹಾಕಿದರೆ ಗೊತ್ತಾಗುವುದಿಲ್ಲ ಅಂದೆವು. ಅವನು ತಲೆಯಾಡಿಸಿ ಗುಗ್ಗರಿ ಪ್ಲೇಟು ನಮ್ಮ ಕಡೆ ತಳ್ಳಿದ.

ಹೋದ ತಿಂಗಳು ನಮ್ಮಲ್ಲೊಬ್ಬಳು ಆ ಸರ್ವೆ ನಂಬರಿನ ಪಹಣಿ ತೆಗೆಸಿದಳು. ಅದರಲ್ಲಿ "ಖರಾಬು" ಅಂತಿದೆ, ಬೇರೇನೂ ಇಲ್ಲ. ಪುರಾತತ್ವ ಇಲಾಖೆಗೆ ಫೋಟೋ, ನಕ್ಷೆ ಸಮೇತ ಅರ್ಜಿ ಕಳಿಸಿದ್ದೇವೆ. ಗ್ರಾಮಸಭೆಯಲ್ಲಿ ವಿಷಯ ಎತ್ತುವುದಾಗಿ ಪಂಚಾಯಿತಿ ಸದಸ್ಯರೊಬ್ಬರು ಒಪ್ಪಿದ್ದಾರೆ.

ಮೊನ್ನೆ ದಿಬ್ಬ ನೋಡಲು ಹೋದಾಗ ನೆತ್ತಿಯ ಮೇಲೆ ಒಂದು ಗುಂಡುಕಲ್ಲು ಕೂತಿತ್ತು. ಹಿಂದಿನ ತಿಂಗಳು ಇರಲಿಲ್ಲ. ಅದಕ್ಕೆ ಕುಂಕುಮ ಹಚ್ಚಿ, ಅರಿಶಿನ ದಾರ ಸುತ್ತಿ, ಮುಂದೆ ಒಡೆದ ತೆಂಗಿನಕಾಯಿ ಚೂರು ಇಟ್ಟಿದ್ದರು. ಸುತ್ತ ಟ್ರ್ಯಾಕ್ಟರ್ ಗಾಲಿಯ ಗುರುತು ಎಲ್ಲೂ ಇರಲಿಲ್ಲ. ಕಲ್ಲು ಇಟ್ಟವರು ಯಾರು ಅಂತ ಬಾರಿನಲ್ಲಿ ಕೇಳಿದೆವು. ಕಾಕಾ ಶೇಂಗಾ ಸಿಪ್ಪೆ ಸುಲಿಯುತ್ತಾ ಟಿ.ವಿ. ನೋಡುತ್ತಿದ್ದರು. ಅವರು ಟಿ.ವಿ. ನೋಡಿದ್ದನ್ನು ನಾವು ಕಂಡದ್ದು ಅವತ್ತೇ.